ಕಾಲೂರದೆ ಒದ್ದ ಹೇಸರಗತ್ತೆ

"ಆರೋಪಿ ತಲೆ ಆಡಿಸ್ತಿದೆ. ಒಪ್ಪಿಕೊಂಡಿತು ಅಂತ ಬರ್ಕೊಳ್ಳಲಾ?" ಎಂದು ಗುಮಾಸ್ತ ಕೇಳಿದ.

ಊರಿನ ಆರದ ಒಲೆ ಉರಿಯುವ ಊರೊಲೆ ಮನೆಯ ಅಂಗಳದಲ್ಲಿ ಯಾರೂ ನಗಲಿಲ್ಲ. ಆರೋಪಿ ನೊಣ ಓಡಿಸಿಕೊಳ್ಳುತ್ತಿತ್ತು, ಅಷ್ಟೇ. ಅದೊಂದು ಬೂದುಬಣ್ಣದ ಹೇಸರಗತ್ತೆ. ಹೆಸರೂ ಬೂದಿ. ಅದರ ಮೊಂಡುತನ ಪೇಟೆಯಲ್ಲೆಲ್ಲ ಕತೆಯಾಗಿತ್ತು. ಒಂದು ಸಲ ದಾರಿ ನಡುವೆ ನಿಂತದ್ದು ಎಷ್ಟು ಹೊತ್ತು ನಿಂತಿತೆಂದರೆ, ಮೀನು ಮಾರುವವಳೊಬ್ಬಳು ಅದರ ನೆರಳಲ್ಲಿ ಬುಟ್ಟಿ ಇಳಿಸಿ, ವ್ಯಾಪಾರ ಮುಗಿಸಿ, ಮಗಳ ಮದುವೆ ಮಾತುಕತೆಯನ್ನೂ ಅಲ್ಲೇ ಮುಗಿಸಿ ಎದ್ದಳಂತೆ. ಆಗಲೂ ಅದು ಕದಲಿರಲಿಲ್ಲ.

ಈಗ ಅದರ ಮೇಲೆ ಕೊಲೆಯ ಆರೋಪ.

ಅಥೆನ್ಸಿನಲ್ಲಿ ಮನುಷ್ಯನನ್ನು ಕೊಂದದ್ದು ಮನುಷ್ಯನೇ ಆಗಿರಬೇಕೆಂದಿಲ್ಲ. ಜಾರಿದ ಕೊಡಲಿ, ಉರುಳಿದ ಬಂಡೆ, ತಿವಿದ ಎತ್ತು, ಎಲ್ಲಕ್ಕೂ ಈ ಅಂಗಳದಲ್ಲೇ ವಿಚಾರಣೆ. ತಪ್ಪು ಅದರದೇ ಎಂದಾದರೆ ಕೊಡಲಿಯನ್ನು ಗಡಿಯಾಚೆ ಬಿಸಾಡುತ್ತಾರೆ, ಎತ್ತನ್ನು ಗಡಿಯಾಚೆ ಕೊಂದು ಬಿಸಾಡುತ್ತಾರೆ. ಊರು ಕೈ ತೊಳೆದುಕೊಳ್ಳುತ್ತದೆ. ಆಮೇಲೆ ಆ ಸಾವಿನ ಬಗ್ಗೆ ಯಾರೂ ಯಾರನ್ನೂ ಕೇಳುವ ಹಾಗಿಲ್ಲ.

ಆ ಕೊನೆಯ ಮಾತೇ ಮೆನೆಕ್ಲೀಸನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಮೆನೆಕ್ಲೀಸ್ ಸೂತಕ ಬಿಡಿಸುವ ಮನೆತನದವನು. ಊರಲ್ಲಿ ರಕ್ತ ಬಿದ್ದರೆ ಜನ ಅವನ ಬಾಗಿಲಿಗೆ ಬರುತ್ತಾರೆ. ಯಾರು ಸ್ನಾನ ಮಾಡಬೇಕು, ಯಾರು ದೇವಸ್ಥಾನ ಹತ್ತಬಾರದು, ಹೆಣದ ಮುಂದೆ ಈಟಿ ಹಿಡಿದು ಹೋಗಬೇಕೋ ಬೇಡವೋ, ಎಲ್ಲವನ್ನೂ ಅವನು ಹೇಳಬೇಕು. ಮನುಷ್ಯನೇ ಕೊಂದಿದ್ದರೆ ಮನೆಯವರು ಈಟಿ ಹಿಡಿಯುತ್ತಾರೆ, ಗೋರಿಯ ಮೇಲೆ ನೆಡುತ್ತಾರೆ, ಕೊಂದವನ ಹೆಸರು ಕೂಗುತ್ತಾರೆ. ಪ್ರಾಣಿಯೋ ಕಲ್ಲೋ ಕೊಂದಿದ್ದರೆ ಈಟಿ ಬೇಡ. ಎಪಿಜೆನಿಸ್‌ನ ಪಾಠಶಾಲೆಯ ಲಾಯದಲ್ಲಿ ಕಣತಲೆ ಒಡೆದು ಸತ್ತ ಫೈದಿಮೋಸನ ಹೆಣ ನಾಳೆ ಬೆಳಿಗ್ಗೆ ಏಳುತ್ತದೆ. ಈಟಿ ಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಸಾಕ್ಷಿ ಹೇಳಿದವನು ಸ್ವತಃ ಎಪಿಜೆನಿಸ್. ಬಿಳಿ ಗಡ್ಡ, ಇಸ್ತ್ರಿ ಮಾಡಿದಂಥ ಮಾತು. ತತ್ವಶಾಸ್ತ್ರಿಗಳ ಪೈಕಿ ಅವನಷ್ಟು ನೀಟಾಗಿ ಹೊದ್ದುಕೊಳ್ಳುವವನು ಇನ್ನೊಬ್ಬನಿಲ್ಲ. ತಾನು ಕಣ್ಣಾರೆ ಕಂಡೆ ಎಂದ. ಫೈದಿಮೋಸ್ ತನ್ನ ಹಿರಿಯ ಶಿಷ್ಯ. ಪ್ರಾಣಿಗಳು ಹೇಗೆ ಚಲಿಸುತ್ತವೆ ಎಂಬ ಬಗ್ಗೆ ತಾನು ಬರೆಯುತ್ತಿರುವ ಗ್ರಂಥಕ್ಕಾಗಿ ಹೇಸರಗತ್ತೆಯ ಹಿಂದೆ ಕೂತು ಅದರ ಕೀಲು ನೋಡುತ್ತಿದ್ದ. ಆಗ ಒದೆ ಬಿತ್ತು ಎಂದ.

"ಬಲಗಾಲು ಎತ್ತಿತು. ಎಡಗಾಲು ನೆಲದ ಮೇಲೆ ಭದ್ರವಾಗಿ ಊರಿತ್ತು. ಒಂದು ಊರದೆ ಇನ್ನೊಂದು ಎತ್ತೋಕೆ ಯಾವ ಪ್ರಾಣಿಗೂ ಆಗಲ್ಲ."

ನ್ಯಾಯ ಹೇಳಲು ಕೂತಿದ್ದ ಮುದುಕರು ತಲೆದೂಗಿದರು. ಎಷ್ಟು ಸೊಗಸಾಗಿ ಹೇಳಿದ ಎಂದುಕೊಂಡರು. ಮೆನೆಕ್ಲೀಸನಿಗೆ ಮಾತ್ರ ಆ ಸೊಗಸೇ ಹಿಡಿಸಲಿಲ್ಲ. ಸಾವು ಕಂಡವರನ್ನು ಅವನು ಬದುಕಿಡೀ ಕೇಳುತ್ತ ಬಂದಿದ್ದಾನೆ. ಒಬ್ಬಳಿಗೆ ಚಪ್ಪಲಿ ಹಾರಿ ಬಿದ್ದದ್ದು ನೆನಪಿರುತ್ತದೆ, ಇನ್ನೊಬ್ಬನಿಗೆ ಒಲೆಯ ಮೇಲೆ ಗಂಜಿ ಉಕ್ಕಿದ್ದು ನೆನಪಿರುತ್ತದೆ. ಯಾವ ಕಾಲು ಊರಿತ್ತು, ಯಾವುದು ಎತ್ತಿತು ಎಂದು ಪಾಠ ಒಪ್ಪಿಸಿದವರನ್ನು ಅವನು ಕಂಡಿರಲಿಲ್ಲ.

ಮುದುಕರು ತೀರ್ಪಿಗೆ ಕೈ ಎತ್ತುವ ಮೊದಲೇ ಅವನು ಎದ್ದುನಿಂತು ಸಂಜೆಯವರೆಗೆ ಸಮಯ ಕೇಳಿದ. ಮೈಲಿಗೆಯ ವಿಷಯದಲ್ಲಿ ಅವನು ಕೇಳಿದರೆ ಇಲ್ಲ ಎನ್ನುವ ಹಾಗಿರಲಿಲ್ಲ. ಒಳಗೆ ಬೇಯುತ್ತಿದ್ದ ಮಾಂಸದ ವಾಸನೆಗೆ ಮೂಗರಳಿಸಿಕೊಂಡು ಕೂತಿದ್ದ ಮುದುಕರು ಗೊಣಗಿಕೊಂಡೇ ಒಪ್ಪಿದರು.

ಹೊರಡುವ ಮುಂಚೆ ಅವನು ಆರೋಪಿಯ ಹತ್ತಿರ ಹೋಗಿ ಕಷ್ಟಪಟ್ಟು ಬಗ್ಗಿದ. ಅವನ ಬಲಮೊಣಕಾಲು ಕೆಟ್ಟು ಎಷ್ಟೋ ಕಾಲವಾಗಿತ್ತು. ಊರುಗೋಲಿಗೆ ಜೋತುಬಿದ್ದು ಬೂದಿಯ ಹೊಟ್ಟೆಯ ಕೆಳಗೆ ಇಣುಕಿದ. ಮುಂಗಾಲುಗಳ ಹಿಂದೆ ಅಂಗೈ ಅಗಲದ ಒಂದು ಪಟ್ಟಿ, ಹಿಂಗಾಲುಗಳ ಮುಂದೆ ಅಂಥದ್ದೇ ಇನ್ನೊಂದು. ಅಲ್ಲಿ ಕೂದಲು ಉಜ್ಜಿಹೋಗಿ ಚರ್ಮ ಕೆಂಪಾಗಿತ್ತು.

ಹೊರೆ ಹೊರುವ ಪ್ರಾಣಿಗೆ ಬೆನ್ನು ಉಜ್ಜಬೇಕು. ಇದಕ್ಕೆ ಹೊಟ್ಟೆ ಉಜ್ಜಿತ್ತು.

*

ಪಾಠಶಾಲೆ ಇರುವುದು ಊರಿನ ಕೋಟೆಗೋಡೆಯ ಹೊರಗೆ, ತೊರೆಯ ಪಕ್ಕ. ಲಾಯಕ್ಕೆ ಹೋಗಬೇಕಾದರೆ ಕುಸ್ತಿಯ ಅಂಗಳ ದಾಟಬೇಕು. ಅಲ್ಲಿ ಪಟ್ಟು ಹಾಕುವವರಿಗೆಂದು ಹೊಸ ಮರಳು ಹರಡಿದ್ದರು. ಮೆನೆಕ್ಲೀಸ್ ಊರುಗೋಲು ಊರಿದ. ಅದು ಮೊಳದಷ್ಟು ಒಳಗೆ ಹೋಯಿತು. ಇನ್ನೊಮ್ಮೆ ಊರಿದ, ಇನ್ನೊಮ್ಮೆ ಹೋಯಿತು. ಮೈಯ ಭಾರವೆಲ್ಲ ಹಾಕಿದರೂ ಒಂದು ಗೇಣು ಮುಂದೆ ಸಾಗಲಿಲ್ಲ. ಕುಸ್ತಿಯವನೊಬ್ಬ ಬಂದು ತೋಳು ಹಿಡಿದು ಆಚೆ ದಾಟಿಸಿದ. ಮುದುಕಪ್ಪ ಇವತ್ತು ಮರಳಿನ ಜೊತೆಗೇ ಕುಸ್ತಿಗೆ ಬಿದ್ದಿದ್ದಾರೆ ಎಂದು ಅವನ ಗೆಳೆಯರು ಆಡಿಕೊಂಡರು.

ಲಾಯದಲ್ಲಿ ಸದಾಲ ಸಗಣಿ ಬಾಚುತ್ತಿದ್ದ. ತ್ರೇಸಿನ ಕಡೆಯ ಆಳು, ಕೈತುಂಬ ಹಚ್ಚೆ. ಯಾವುದೋ ಯುದ್ಧದಲ್ಲಿ ಸೆರೆಸಿಕ್ಕು ಎಪಿಜೆನಿಸ್‌ನ ಕೈಸೇರಿದವನು. ಕಿವಿಯ ಬಳಿ ಕೂದಲು ನರೆತಿತ್ತು. ಮನುಷ್ಯರ ಜೊತೆಗಿಂತ ಬೂದಿಯ ಜೊತೆಗೇ ಹೆಚ್ಚು ಮಾತಾಡಿದವನು.

ನೆಲ ಜೇಡಿಮಣ್ಣಿನದು. ಧೂಳು ಏಳಬಾರದೆಂದು ದಿನಾ ಬೆಳಿಗ್ಗೆ ನೀರು ಚಿಮುಕಿಸುತ್ತಾರೆ, ಮೆತ್ತಗಿರುತ್ತದೆ. ಸಾವಾದ ಮೇಲೆ ಯಾರೂ ಒಳಗೆ ಹೆಜ್ಜೆ ಇಡಬಾರದೆಂದು ಮೆನೆಕ್ಲೀಸನೇ ಕಟ್ಟುಮಾಡಿದ್ದ, ಸದಾಲನೊಬ್ಬನನ್ನು ಬಿಟ್ಟು. ಅವನೂ ಆ ಮೂಲೆಗೆ ಹೋಗಿರಲಿಲ್ಲ. ರಕ್ತದ ಕಲೆ ಒಣಗಿ ಕಪ್ಪಾಗಿತ್ತು. ಅದರ ಮುಂದೆ ಬೂದಿ ನಿಂತಿದ್ದ ಜಾಗ. ಅಲ್ಲಿ ಗೊರಸಿನ ಗುರುತುಗಳಿದ್ದವು, ಆದರೆ ಎಲ್ಲ ಹಗುರಾದ ಗುರುತು. ಪ್ರಾಣಿ ಜೋರಾಗಿ ಹಿಂದಕ್ಕೆ ಒದೆಯಬೇಕಾದರೆ ಉಳಿದ ಕಾಲಿನಿಂದ ನೆಲವನ್ನು ಅಗೆದ ಹಾಗೆ ಒತ್ತಲೇಬೇಕು. ಒಂದೇ ಒಂದು ಕಡೆಯೂ ಮಣ್ಣು ಕಿತ್ತಿರಲಿಲ್ಲ.

ಮೆನೆಕ್ಲೀಸ್ ತಲೆ ಎತ್ತಿ ಅಡ್ಡತೊಲೆ ನೋಡಿದ. ಹಳೆಯ ತೊಲೆ, ಹೊಗೆ ಹಿಡಿದದ್ದು. ಅದರ ಮೇಲೆ ಎರಡು ಕಡೆ ಹಗ್ಗ ಕೊರೆದ ಹೊಸ ಗೆರೆ. ಕಪ್ಪು ಕಿತ್ತುಹೋಗಿ ಒಳಗಿನ ಮರ ಬೆಳ್ಳಗೆ ಕಾಣುತ್ತಿತ್ತು.

"ಬೂದಿಯನ್ನ ನೇತುಹಾಕಿದ್ರಾ?" ಎಂದು ಕೇಳಿದ.

ಸದಾಲ ಸಗಣಿ ಬಾಚುವುದನ್ನು ನಿಲ್ಲಿಸಲಿಲ್ಲ. ಬಾಚುತ್ತಲೇ, ಹೌದು ಎಂದ. ಫೈದಿಮೋಸಯ್ಯನೇ ಹಾಕಿಸಿದ್ದು. ಎತ್ತಿನ ಚರ್ಮದ ಜೋಲಿ ಮಾಡಿ, ಹೊಟ್ಟೆಯ ಕೆಳಗೆ ಕೊಟ್ಟು, ಗೊರಸು ನೆಲ ಬಿಟ್ಟು ಗೇಣು ಮೇಲಿರುವ ಹಾಗೆ ಎಳೆದಿದ್ದರು. ನಿಲ್ಲಲು ನೆಲವೇ ಇಲ್ಲದಿದ್ದರೆ ಕಾಲು ಏನು ಮಾಡುತ್ತದೆ ಎಂದು ನೋಡಬೇಕಿತ್ತಂತೆ ಅವರಿಗೆ. ಬೂದಿ ಮೊದಮೊದಲು ಈಜುವ ಹಾಗೆ ಕಾಲಾಡಿಸಿತು, ಆಮೇಲೆ ಸಿಟ್ಟು ಬಂದು ಒದೆಯಿತು.

"ನನ್ನ ಹೊಟ್ಟೆಗೇ ಒದೀತು ಅಯ್ಯಾ. ಒದ್ದ ಕೂಡ್ಲೇ ಜೋಲಿ ಅದನ್ನೇ ಮುಂದಕ್ಕೆ ತಗೊಂಡೋಯ್ತು. ನನಗೆ ಮುದುಕಿ ತಳ್ಳಿದಷ್ಟೂ ಆಗ್ಲಿಲ್ಲ. ಫೈದಿಮೋಸಯ್ಯ ನಕ್ಕು ನಕ್ಕು ಗೋಡೆಗೆ ಒರಗಿಬಿಟ್ರು. 'ನೋಡಿದ್ಯಾ ಸದಾಲ, ನೆಲ ಕಿತ್ಕೊಂಡ್ರೆ ಎಂಥ ಬಲಶಾಲಿಯೂ ಕೂಸು' ಅಂದ್ರು."

ಆಮೇಲೆ ತಾನು ತೊರೆಗೆ ನೀರಿಗೆ ಹೋದೆ ಎಂದ. ವಾಪಸು ಬಂದಾಗ ಬೂದಿ ನೆಲದ ಮೇಲಿತ್ತು, ಫೈದಿಮೋಸಯ್ಯ ಬಿದ್ದಿದ್ದರು, ಜೋಲಿ ಹಗ್ಗ ಯಾವುದೂ ಇರಲಿಲ್ಲ ಎಂದ.

ಇದನ್ನು ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂದು ಮೆನೆಕ್ಲೀಸ್ ಕೇಳಲಿಲ್ಲ. ಕೇಳಿದ್ದರೆ ಅವನಷ್ಟು ದಡ್ಡ ಇನ್ನೊಬ್ಬನಿರುತ್ತಿರಲಿಲ್ಲ. ಆಳಿನ ಮಾತು ಈ ಊರಿನ ನ್ಯಾಯದ ಕಟ್ಟೆಯಲ್ಲಿ ಮಾತಲ್ಲ. ಚಕ್ರಕ್ಕೆ ಕಟ್ಟಿ ಕೈಕಾಲು ಎಳೆದು ಹೇಳಿಸಿದರೆ ಮಾತ್ರ ಅದು ಸಾಕ್ಷಿ. ಚಕ್ರದಿಂದ ಇಳಿಸಿದವನೊಬ್ಬನನ್ನು ಮೆನೆಕ್ಲೀಸ್ ಒಮ್ಮೆ ಕಂಡಿದ್ದ. ಬದುಕಿದ್ದ. ಆದರೆ ಗಂಜಿಯ ಬಟ್ಟಲನ್ನು ಬಾಯಿಯ ತನಕ ತರಲು ಅವನ ಕೈಗೆ ಆಗುತ್ತಿರಲಿಲ್ಲ, ಹೆಂಡತಿ ಕುಡಿಸುತ್ತಿದ್ದಳು.

"ನಿನ್ನ ಹೆಸರು ಎಲ್ಲೂ ಬರಲ್ಲ. ತೊಲೆ ಇದೆ, ಹೊಟ್ಟೆ ಇದೆ, ನೆಲ ಇದೆ. ನನಗೆ ಅಷ್ಟು ಸಾಕು" ಎಂದ ಮೆನೆಕ್ಲೀಸ್.

ಸದಾಲ ಮೊದಲ ಸಲ ಅವನ ಮುಖ ನೋಡಿದ. "ದೊಡ್ಡೋರು ಹೀಗೇ ಹೇಳ್ತಾರೆ ಅಯ್ಯಾ. ಬೂದಿನೂ ನಂಬುತ್ತೆ."

*

ಅರಳಿಯಂಥ ದೊಡ್ಡ ಮರವೊಂದರ ಕೆಳಗೆ ಎಪಿಜೆನಿಸ್ ಶಿಷ್ಯರನ್ನು ಕೂರಿಸಿಕೊಂಡು ಗ್ರಂಥ ಓದಿಸುತ್ತಿದ್ದ. ಶಿಷ್ಯ ಸತ್ತು ಇನ್ನೂ ಹೆಣ ಎದ್ದಿಲ್ಲ, ಪಾಠ ನಿಂತಿರಲಿಲ್ಲ. ಹಬ್ಬಕ್ಕೆ ಊರಿನ ಮುಂದೆ ಗ್ರಂಥ ಓದಬೇಕಾಗಿತ್ತು. ಬೇರೆ ಬೇರೆ ಊರಿನ ಪಂಡಿತರು ಬರುವವರಿದ್ದರು.

ಸತ್ತವನ ಅಣ್ಣ ಸ್ಟ್ರಾಟಿಯಸ್ ಕೂಡ ಅಲ್ಲೇ ನಿಂತಿದ್ದ. ಎಣ್ಣೆಗಾಣದ ಒಡೆಯ, ಕಂಬದಂಥ ತೋಳು. ತಲೆ ಬೋಳಿಸಿ ಕಪ್ಪು ಹೊದ್ದಿದ್ದ. ತಮ್ಮನ ಬಟ್ಟೆಬರೆ ತೆಗೆದುಕೊಂಡು ಹೋಗಲು ಬಂದಿದ್ದೇನೆ ಎಂದ. ಫೈದಿಮೋಸನಿಗೆ ಮಕ್ಕಳಿರಲಿಲ್ಲ, ಹತ್ತಿರದ ರಕ್ತವೆಂದರೆ ಇವನೇ, ಅವನ ಪಾಲಿನ ಆಸ್ತಿಯೂ ಇನ್ನು ಇವನಿಗೇ. ಕೊಲೆ ಎಂದಾದರೆ ಕೊಂದವನ ಹೆಸರು ಕೂಗಿ ಕಟ್ಟೆಗೆ ಎಳೆಯುವ ಹಕ್ಕು ಇವನೊಬ್ಬನಿಗೆ. ಬೇರೆಯವರು ಎಷ್ಟೇ ಬಾಯಿ ಬಡಿದುಕೊಂಡರೂ ಊರು ಕಿವಿಗೊಡುವುದಿಲ್ಲ.

ಹಾಗಾಗಿ ಅವನಿದ್ದದ್ದು ಒಳ್ಳೆಯದೇ ಆಯಿತು ಎಂದುಕೊಂಡ ಮೆನೆಕ್ಲೀಸ್.

ಎಪಿಜೆನಿಸನಿಗೂ ಮೆನೆಕ್ಲೀಸನಿಗೂ ಸಲಿಗೆ ಇತ್ತು. ಮೀಸೆ ಮೂಡುವ ವಯಸ್ಸಿನಲ್ಲಿ ಇಬ್ಬರೂ ಒಂದೇ ಗಡಿಕಾವಲಿನಲ್ಲಿ ಇದ್ದವರು, ಒಂದೇ ಕಂಬಳಿಯ ಎರಡು ತುದಿ ಎಳೆದಾಡಿದವರು.

"ಏನಯ್ಯಾ, ನನ್ನಂಥ ಕುಂಟನಿಗೂ ಒಂದಿಷ್ಟು ಪಾಠ ಹೇಳು. ನಾನು ಮರಳಿನಲ್ಲಿ ಯಾಕೆ ನಡೀಲಿಲ್ಲ?" ಎಂದ ಮೆನೆಕ್ಲೀಸ್, ಒಂದು ಕಲ್ಲಿನ ಮೇಲೆ ಕೂತು.

ಎಪಿಜೆನಿಸನಿಗೆ ಖುಷಿಯಾಯಿತು. ಓದುತ್ತಿದ್ದವನಿಂದ ಸುರುಳಿ ತೆಗೆದುಕೊಂಡು ತಾನೇ ವಿವರಿಸಿದ. ಚಲಿಸುವುದಕ್ಕೆಲ್ಲ ಚಲಿಸದ ಒಂದು ಆಸರೆ ಬೇಕು. ಮೈಯ ಒಳಗೆ ಒಂದು, ಮೈಯ ಹೊರಗೆ ಒಂದು. ಮೊಣಕೈ ನಿಂತಿದ್ದರೆ ತಾನೇ ಅಂಗೈ ಆಡುವುದು. ನೆಲ ನಿಂತಿದ್ದರೆ ತಾನೇ ಕಾಲು ಸಾಗುವುದು. ಕುಸ್ತಿಯಲ್ಲಿ ಜಟ್ಟಿಯನ್ನು ನೆಲದಿಂದ ಎತ್ತಿಬಿಟ್ಟರೆ ಅವನ ಹೊಡೆತ ಹೂವು ತಾಕಿದ ಹಾಗಿರುತ್ತದೆ, ಏಕೆಂದರೆ ಅವನ ಬಲಕ್ಕೆ ಹಿಂದೆ ಒತ್ತಿಕೊಳ್ಳಲು ಏನೂ ಇರುವುದಿಲ್ಲ. ಶಿಷ್ಯರು ಬಾಯಿಬಿಟ್ಟು ಕೇಳಿದರು. ಕೇಳುವ ಹಾಗೆಯೇ ಇತ್ತು. ಮೆನೆಕ್ಲೀಸನಿಗೂ, ಎಷ್ಟೋ ಕಾಲದಿಂದ ತನ್ನ ಮೊಣಕಾಲು ಹೇಳುತ್ತಿದ್ದ ದೂರಿಗೆ ಯಾರೋ ಈಗ ಅರ್ಥ ಹೇಳಿದ ಹಾಗಾಯಿತು.

"ಈ ಮಾತು ಯಾರದು?"

"ನಂದು. ಈ ಗ್ರಂಥದ ಬೆನ್ನೆಲುಬೇ ಇದು."

"ಫೈದಿಮೋಸಂದಲ್ಲ ತಾನೇ?"

ಎಪಿಜೆನಿಸ್ ಶಿಷ್ಯರ ಕಡೆ ಒಮ್ಮೆ ನೋಡಿದ. ಇಬ್ಬರು ತಲೆ ತಗ್ಗಿಸಿದರು. "ನಂದು ಅಂದೆನಲ್ಲ" ಎಂದ.

ಆಗ ಮೆನೆಕ್ಲೀಸ್ ಮೆಲ್ಲಗೆ ಒಂದೊಂದೇ ಇಟ್ಟ. ಬೂದಿಯ ಹೊಟ್ಟೆ ಉಜ್ಜಿದ್ದು. ತೊಲೆಯ ಮೇಲಿನ ಹಗ್ಗದ ಗೆರೆ. ಮಣ್ಣು ಕೀಳದ ನೆಲ. ಫೈದಿಮೋಸ್ ಸಾಯುವ ಹೊತ್ತಿಗೆ ಆ ಹೇಸರಗತ್ತೆ ನೆಲದ ಮೇಲೆ ಇರಲಿಲ್ಲ, ಜೋಲಿಯಲ್ಲಿ ತೂಗುತ್ತಿತ್ತು ಎಂದ. ಸುತ್ತ ಕೂತವರು ಹೊದಿಕೆ ಸರಿಪಡಿಸಿಕೊಳ್ಳುವುದನ್ನೂ ಮರೆತರು.

"ಕಟ್ಟೆಯಲ್ಲಿ ನೀನು ಏನಂದೆ? ಎಡಗಾಲು ಭದ್ರವಾಗಿ ಊರಿತ್ತು ಅಂದೆ. ಯಾವ ನೆಲದ ಮೇಲೆ ಊರಿತ್ತು, ಎಪಿಜೆನಿಸ್?"

ಎಪಿಜೆನಿಸ್ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡ.

"ನೀನು ನೋಡಿದ್ದನ್ನ ಹೇಳ್ಲಿಲ್ಲ. ಬರೆದಿದ್ದನ್ನ ಹೇಳಿದೆ. ಸುಳ್ಳು ಹೇಳುವಾಗಲೂ ನಿನ್ನ ಗ್ರಂಥಕ್ಕೆ ಮೋಸ ಮಾಡೋಕೆ ನಿನ್ನ ಕೈಲಿ ಆಗ್ಲಿಲ್ಲ ನೋಡು." ಮೆನೆಕ್ಲೀಸ್ ಊರುಗೋಲಿನಿಂದ ಸುರುಳಿ ತೋರಿಸಿದ. "ಈಗ ಎರಡರಲ್ಲಿ ಒಂದು ಹೇಳು. ತೂಗುತ್ತಿದ್ದ ಪ್ರಾಣಿ ಒದ್ದು ತಲೆ ಒಡೀತು ಅಂದ್ರೆ ಈ ಗ್ರಂಥ ಸುಳ್ಳು, ಹಬ್ಬದಲ್ಲಿ ಓದಬೇಡ. ಗ್ರಂಥ ನಿಜ ಅಂದ್ರೆ ನಿನ್ನ ಸಾಕ್ಷಿ ಸುಳ್ಳು."

ಎಪಿಜೆನಿಸ್‌ನ ಕೈ ಸುರುಳಿಯ ಮೇಲೆ ಆಡುತ್ತಿತ್ತು, ಹೆತ್ತ ಮಗುವಿನ ಬೆನ್ನು ಸವರುವ ಹಾಗೆ. ಕುತ್ತಿಗೆ ಉಳಿಸಿಕೊಳ್ಳಬೇಕಾದರೆ ಒಂದೇ ಒಂದು ಮಾತು ಸಾಕಿತ್ತು: ನನ್ನ ಗ್ರಂಥ ತಪ್ಪು. ಆ ಮಾತು ಬರಲಿಲ್ಲ. ಇಷ್ಟೊಂದು ವಯಸ್ಸಾದ ಮೇಲೆ, ಅದೂ ಶಿಷ್ಯರೆದುರು, ಅದು ಬರುವ ಹಾಗಿರಲಿಲ್ಲ.

"ತೊಲೆ ಮಾತಾಡಲ್ಲ. ಹೊಟ್ಟೆ ಮಾತಾಡಲ್ಲ," ಎಂದ ಕೊನೆಗೆ. ದನಿ ಬೇರೆಯೇ ಆಗಿತ್ತು. "ಜೋಲಿ ಇತ್ತೋ ಇಲ್ವೋ ಹೇಳೋಕೆ ಒಬ್ಬನಿದ್ದಾನೆ. ಲಾಯದ ಸದಾಲ. ನನ್ನ ಆಳು, ನಾನು ಕೊಡ್ತೀನಿ. ಸ್ಟ್ರಾಟಿಯಸ್, ಸತ್ತವನ ರಕ್ತ ನೀನು. ತಗೊಂಡು ಹೋಗು. ಚಕ್ರಕ್ಕೆ ಹಾಕಿ ಕೇಳು."

ಸದಾಲನಿಗೆ ಕೊಟ್ಟ ಮಾತು ನೆನೆದು ಮೆನೆಕ್ಲೀಸ್ ಕಲ್ಲಿನಿಂದ ಅರ್ಧ ಎದ್ದ. ಮರುಗಳಿಗೆಗೆ ಸಮಾಧಾನವಾಗಿ ಮತ್ತೆ ಕೂತ. ಈ ಸವಾಲಿನ ಆಟ ಅವನಿಗೆ ಗೊತ್ತಿಲ್ಲದ್ದೇ? ವ್ಯಾಜ್ಯದಲ್ಲಿ ಸಿಕ್ಕಿಬಿದ್ದವನು ನನ್ನ ಆಳನ್ನು ಚಕ್ರಕ್ಕೆ ಹಾಕಿಕೋ ಎನ್ನುತ್ತಾನೆ. ಎದುರಿನವನು ಒಪ್ಪುವುದೇ ಇಲ್ಲ. ಚಕ್ರ ಯಾರ ಮನೆಯದು, ತಿರುಗಿಸುವವರು ಯಾರು, ಎಷ್ಟು ಹೊತ್ತು, ಆಳು ಸತ್ತರೆ ಪರಿಹಾರ ಎಷ್ಟು, ಹೀಗೆ ಎಳೆದಾಡಿ ಎಳೆದಾಡಿ ಕೊನೆಗೆ ಇಬ್ಬರೂ ಕೈಬಿಡುತ್ತಾರೆ. ಕಟ್ಟೆಯಲ್ಲಿ 'ನಾನು ಕೊಡುತ್ತೇನೆ ಅಂದೆ, ಅವನೇ ಬೇಡವೆಂದ' ಎಂದು ಎದೆ ತಟ್ಟಿಕೊಳ್ಳುವುದಕ್ಕಷ್ಟೇ ಆ ಸವಾಲು. ನಿಜವಾಗಿ ಒಪ್ಪಿದವನನ್ನು ಮೆನೆಕ್ಲೀಸ್ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಇನ್ನು ಚೌಕಾಸಿ ಶುರುವಾಗುತ್ತದೆ, ಅಷ್ಟರಲ್ಲಿ ಸಂಜೆಯಾಗುತ್ತದೆ ಎಂದುಕೊಂಡ.

"ಒಪ್ಪಿದೆ" ಎಂದ ಸ್ಟ್ರಾಟಿಯಸ್. "ನನ್ನ ಗಾಣದ ಅಂಗಳದಲ್ಲಿ ಚಕ್ರ ಇದೆ. ಈಗಲೇ."

ಪರಿಹಾರ ಎಷ್ಟೆಂದು ಎಪಿಜೆನಿಸ್ ಕೇಳಲಿಲ್ಲ. ಎಷ್ಟು ಹೊತ್ತೆಂದೂ ಕೇಳಲಿಲ್ಲ. "ಆಗ್ಲಿ" ಎಂದ.

ಮೆನೆಕ್ಲೀಸ್ ಒಬ್ಬನಾದ ಮೇಲೆ ಒಬ್ಬನ ಮುಖ ನೋಡಿದ. ತಮ್ಮನನ್ನು ಕೊಂದವನೆಂದು ಅನುಮಾನ ಬಿದ್ದವನ ಎದುರು ನಿಂತಿದ್ದಾನೆ ಅಣ್ಣ. ಒಂದು ಬೈಗುಳವಿಲ್ಲ, ಒಂದು ಎಳೆದಾಟವಿಲ್ಲ. ಸಂತೆಯಲ್ಲಿ ಎರಡು ಕಟ್ಟು ಈರುಳ್ಳಿಗೂ ಜನ ಇದಕ್ಕಿಂತ ಹೆಚ್ಚು ಜಗಳ ಆಡುತ್ತಾರೆ. ಇಬ್ಬರಿಗೂ ಬೇಕಾಗಿದ್ದದ್ದು ಸದಾಲನ ಉತ್ತರವಲ್ಲ. ಸದಾಲನ ಬಾಯಿ ಮುಚ್ಚುವುದು.

ಅಷ್ಟರಲ್ಲಿ ಸ್ಟ್ರಾಟಿಯಸ್‌ನ ಜೊತೆ ಬಟ್ಟೆಬರೆ ಹೊರಲು ಬಂದಿದ್ದ ಜನ ಲಾಯದಿಂದ ಸದಾಲನನ್ನು ಹಿಡಿದು ತಂದಾಗಿತ್ತು. ಅವನು ಕೊಸರಾಡಲಿಲ್ಲ. ಬರುತ್ತ ಮೆನೆಕ್ಲೀಸನ ಕಡೆ ಒಮ್ಮೆ ನೋಡಿದ. ಬೈದಿದ್ದರೆ ವಾಸಿಯಿತ್ತು.

ಮೆನೆಕ್ಲೀಸ್ ಎದ್ದು ನಿಂತ. ತನ್ನ ಮನೆತನದಲ್ಲಿ ಯಾರೂ ಮಾಡದ ಕೆಲಸವೊಂದನ್ನು ಮಾಡಿದ. ಸುಳ್ಳು ಕಟ್ಟಳೆ ಹೇಳಿದ.

"ಬಿಡ್ರೋ ಅವನನ್ನ. ಹೆಣ ಮುಟ್ಟಿದವನು, ಇನ್ನೂ ನೀರು ಹಾಕಿಸಿಕೊಂಡಿಲ್ಲ. ಅವನ ಮೈಮೇಲೆ ಕೊಲೆಯ ರಕ್ತದ ಮೈಲಿಗೆ ಇದೆ. ನಾನು ಶುದ್ಧ ಮಾಡೋ ತನಕ ಅವನನ್ನ ಮುಟ್ಟಿದವರು ದೇವಸ್ಥಾನ ಹತ್ತೋ ಹಾಗಿಲ್ಲ, ಪೇಟೆಗೆ ಕಾಲಿಡೋ ಹಾಗಿಲ್ಲ."

ಹಿಡಿದಿದ್ದವರು ಕೆಂಡ ಮುಟ್ಟಿದವರ ಹಾಗೆ ಕೈಬಿಟ್ಟರು. ಶಿಷ್ಯರು ಹಿಂದೆ ಸರಿದರು. ಎಪಿಜೆನಿಸ್ ಕೂಡ ತತ್ವ ಗಿತ್ವ ಎಲ್ಲ ಮರೆತು ಹೊದಿಕೆಯ ಅಂಚು ಎಳೆದುಕೊಂಡ. ಸದಾಲನ ಸುತ್ತ ಒಂದು ಬಯಲೇ ಆಯಿತು. ಓಡು ಎಂದು ಹೇಳಬೇಕೆನಿಸಿತು ಮೆನೆಕ್ಲೀಸನಿಗೆ. ಹೇಳಲು ಬಾಯಿ ತೆರೆದ.

ಸ್ಟ್ರಾಟಿಯಸ್ ಆ ಬಯಲನ್ನು ನಿಧಾನವಾಗಿ ದಾಟಿ ಬಂದು ಸದಾಲನ ತೋಳು ಹಿಡಿದ.

"ನಾನು ಸತ್ತವನ ಒಡಹುಟ್ಟಿದವನು. ಮನೆಯಲ್ಲಿ ಹೆಣ ಇದೆ, ಬಾಗಿಲಲ್ಲಿ ನೀರಿನ ಗಡಿಗೆ ಇದೆ. ಸೂತಕದಲ್ಲಿ ಇರೋನಿಗೆ ಇನ್ಯಾವ ಮೈಲಿಗೆ ಹತ್ತುತ್ತೆ, ಹಿರಿಯರೇ? ಇದೂ ನಾನೇ ನಿಮಗೆ ಹೇಳಿಕೊಡಬೇಕಾ?"

ಕೂಸಿಗೂ ಗೊತ್ತಿರುವ ಕಟ್ಟಳೆ. ಸೂತಕ ಬಿಡಿಸುವ ಮನೆತನದ ಮೆನೆಕ್ಲೀಸ್ ಗಡಿಬಿಡಿಯಲ್ಲಿ ಅದನ್ನೇ ಮರೆತಿದ್ದ. ಈಗ ಸದಾಲನನ್ನು ಮುಟ್ಟಬಲ್ಲವನು ಇಡೀ ಊರಲ್ಲಿ ಸ್ಟ್ರಾಟಿಯಸ್ ಒಬ್ಬನೇ. ಬೇರೆ ಯಾರೂ ಹತ್ತಿರ ಬರದ ಹಾಗೆ ಮಾಡಿದವನು ತಾನೇ.

ಸದಾಲ ತನ್ನ ತೋಳು ಹಿಡಿದ ಕೈಯನ್ನು ನೋಡಿದ. ಆಮೇಲೆ ತಲೆ ಎತ್ತಿ, ಬೂದಿಯ ಜೊತೆ ಮಾತಾಡುವಷ್ಟೇ ಮೆಲುದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ತೊರೆಗೆ ಹೋಗಿದ್ದೆ ಅಂದಿದ್ದು ಸುಳ್ಳು ಅಯ್ಯಾ. ಜೋಲಿ ಇಳಿಸೋಕೆ ಇಬ್ಬರು ಬೇಕು. ಒಂದೇ ಹಗ್ಗ ಬಿಟ್ರೆ ಪ್ರಾಣಿ ಮಗುಚಿಕೊಳ್ಳುತ್ತೆ. ಫೈದಿಮೋಸಯ್ಯ ಬಿದ್ದ ಮೇಲೆ ಒಂದು ಹಗ್ಗ ನಾನು ಹಿಡಿದೆ. ಹಿಡಿ ಅಂದ್ರು, ಹಿಡಿದೆ. ಇನ್ನೊಂದು ಹಗ್ಗ ಹಿಡಿದಿದ್ದು ಇದೇ ಕೈ." ಸ್ಟ್ರಾಟಿಯಸ್‌ನ ಬೆರಳುಗಳ ಕಡೆ ಗದ್ದದಿಂದ ತೋರಿಸಿದ. "ಗುರುಗಳು ಬಾಗಿಲಲ್ಲಿ ಕಾವಲಿದ್ರು."

ಮರದ ಕೆಳಗೆ ಕೂತಿದ್ದವರೆಲ್ಲ ಕೇಳಿಸಿಕೊಂಡರು. ಒಬ್ಬೊಬ್ಬರೂ ಕೇ​ಳಿಸಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

ಸ್ಟ್ರಾಟಿಯಸ್ ಗಾಬರಿಯಾಗಲಿಲ್ಲ. ಯಾಕಾಗಬೇಕು? ಚಕ್ರ ತಿರುಗದೆ ಹೇಳಿದ ಆಳಿನ ಮಾತು ಗಾಳಿಗೆ ಒದ್ದ ಒದೆ. ನಿಜ ಈಗಷ್ಟೇ ಹೊರಗೆ ಬಂದಿತ್ತು, ಹಾಡುಹಗಲಲ್ಲಿ, ಇಷ್ಟು ಜನರ ಮುಂದೆ. ಆದರೆ ಅದಕ್ಕೆ ನಿಲ್ಲಲು ನೆಲವಿರಲಿಲ್ಲ. ಅದು ನೆಲ ಮುಟ್ಟಬೇಕಾದರೆ ಆ ಗಾಣದ ಅಂಗಳದಲ್ಲೇ ಮುಟ್ಟಬೇಕು. ಕಟ್ಟೆಗೆ ಎಳೆಯುವ ಹಕ್ಕಿದ್ದವನೂ ಆ ಅಂಗಳದ ಒಡೆಯನೇ.

"ಪದ್ಧತಿ ಅಂದ್ರೆ ಪದ್ಧತಿ. ಪ್ರಶ್ನೆ ಕೇಳೋಕೆ ಮೂರನೆಯವರು ಒಬ್ಬರು ಬೇಕು, ಇಬ್ಬರಿಗೂ ಒಪ್ಪಿಗೆ ಆಗೋರು," ಎಂದ ಸ್ಟ್ರಾಟಿಯಸ್. "ನನಗೆ ನೀವು ಒಪ್ಪಿಗೆ, ಹಿರಿಯರೇ. ಗುರುಗಳೇ, ನಿಮಗೆ?"

ಎಪಿಜೆನಿಸ್ ಸುರುಳಿಯನ್ನು ಸುತ್ತುತ್ತ, ತನಗೂ ಒಪ್ಪಿಗೆ ಎಂದ. ಮೆನೆಕ್ಲೀಸನ ಮುಖ ನೋಡಲಿಲ್ಲ.

"ಹಾಗಾದ್ರೆ ಕೇಳೋರು ನೀವು. ನೀವು ಒಂದೊಂದು ಸಲ ಕೇಳಿದಾಗ್ಲೂ ನಾನು ಒಂದೊಂದು ಸುತ್ತು ತಿರುಗಿಸ್ತೀನಿ. ಈಗ ಹೇಳಿದ್ದನ್ನೇ ಅಲ್ಲೂ ಹೇಳಿದ್ರೆ ನಾಳೆ ನನ್ನನ್ನ ಕಟ್ಟೆಗೆ ಎಳೀರಿ. ಅಷ್ಟು ಹೊತ್ತು ಅವನ ಉಸಿರು ಇದ್ರೆ."

ಮೆನೆಕ್ಲೀಸ್ ಊರುಗೋಲು ಹುಡುಕಿದ. ಅದು ಕೈಯಲ್ಲೇ ಇತ್ತು. ಹೋಗದಿದ್ದರೆ ಸದಾಲ ಆ ಅಂಗಳದಲ್ಲಿ ಒಬ್ಬನೇ, ಅವನು ಏನು ಕಿರುಚಿದರೂ ಬರೆದುಕೊಳ್ಳುವವರಿಲ್ಲ. ಹೋದರೆ ಪ್ರತಿ ಸುತ್ತಿಗೂ ಬಾಯಿ ತೆರೆಯಬೇಕಾದವನು ತಾನು.

ಸ್ಟ್ರಾಟಿಯಸ್ ಎಳೆದ. ಸದಾಲ ಎರಡು ಹೆಜ್ಜೆ ಹೋಗಿ, ಬೂದಿಯ ಹಾಗೆಯೇ ಗಕ್ಕನೆ ನಿಂತು, ಹಿಂದೆ ತಿರುಗಿದ.

"ಬನ್ನಿ ಅಯ್ಯಾ. ನೀವೇ ಕೇಳಿ," ಎಂದ. "ಆದ್ರೆ ಬೇಗ ಕೇಳಿ."